ಉತ್ತರ ದಿಕ್ಕು ತಿಳಿಸುವ ಸೊಂಟಪಟ್ಟಿ: ಮನುಷ್ಯನಿಗಿಲ್ಲದ ಅಂಗವೊಂದನ್ನು ಮಾಡಿ ತೋರಿಸಬಹುದೇ?

ಎಂಟನೇ_ದಿಕ್ಕು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಈ ವರ್ಷ "ಕಾಲ್ಪನಿಕ ಅಂಗಗಳು" ಅನ್ನುವ ವಿಷಯ ಕೊಟ್ಟಿದ್ದಾರೆ. ಮನುಷ್ಯನಿಗೆ ಇಲ್ಲದ ಅಂಗವೊಂದರ ಚಿತ್ರ ಬರೆದು ಗೋಡೆಗೆ ಹಚ್ಚಿದರೆ ಸಾಲದು, ಬಂದವರು ಹಾಕಿಕೊಂಡು ಅನುಭವಿಸುವಂಥದ್ದು ಬೇಕು. ನಾಲ್ಕು ಜನ ಇದ್ದೇವೆ, ಎರಡು ತಿಂಗಳು ಟೈಮ್ ಇದೆ. ಆರ್ಡುಯಿನೊ, ಸೋಲ್ಡರಿಂಗ್ ಎಲ್ಲರಿಗೂ ಬರುತ್ತದೆ.

ಮೂರು ಯೋಚನೆ ಮುಂದಿವೆ. ಒಂದು, ವಲಸೆ ಹಕ್ಕಿಗಳಿಗೆ ಇರುವ ಹಾಗೆ ಉತ್ತರ ದಿಕ್ಕು ತಾನಾಗಿ ಗೊತ್ತಾಗುವ ಅಂಗ. ಎರಡು, ಕೈಗೆ ಇನ್ನೊಂದು ಹೆಬ್ಬೆರಳು. ಮೂರು, ಬೆರಳ ತುದಿಯಲ್ಲಿ ಆಯಸ್ಕಾಂತ ಇಟ್ಟು ಕಾಂತಕ್ಷೇತ್ರವನ್ನು ಮುಟ್ಟಿ ನೋಡುವುದು. ಮೂರನೆಯದಕ್ಕೆ ನಮ್ಮಲ್ಲೊಬ್ಬ ಚರ್ಮದೊಳಗೇ ಆಯಸ್ಕಾಂತ ಹಾಕಿಸಿಕೊಳ್ಳಲು ತಯಾರಿದ್ದಾನೆ. ಯಾವುದು ನಿಜವಾಗಿ ಆಗುವ ಕೆಲಸ? ಮಾಡುವುದಾದರೆ ಎಲ್ಲಿ ಎಡವುತ್ತೇವೆ? ಇಂಥದ್ದನ್ನು ಕಟ್ಟಿಕೊಂಡರೆ ಅದು ಅಂಗವಾಗುತ್ತದೋ, ಅಥವಾ ಸೊಂಟದಲ್ಲಿ ಗುಂಯ್‌ಗುಟ್ಟುವ ಇನ್ನೊಂದು ಫೋನ್ ಅಷ್ಟೇನೋ?

ತಾಮ್ರ_ತಂತಿ ಉತ್ತರ:

ಎರಡು ತಿಂಗಳಿಗೆ ಸೊಂಟಪಟ್ಟಿಯೇ ಸರಿ. ಹೆಬ್ಬೆರಳಿನ ಕೆಲಸ ಚೆಂದ, ಆದರೆ ಕಷ್ಟ ಬೇರೆ ತರಹದ್ದು. ಡ್ಯಾನಿ ಕ್ಲೋಡ್ ಅವರು 2017ರಲ್ಲಿ ಮಾಡಿದ "ಮೂರನೇ ಹೆಬ್ಬೆರಳು" ಕಾಲಿನ ಹೆಬ್ಬೆರಳುಗಳ ಕೆಳಗಿನ ಒತ್ತಡ ಸೆನ್ಸರ್‌ಗಳಿಂದ ನಡೆಯುತ್ತದೆ. ಒಂದು ಕಾಲು ಬೆರಳನ್ನು ಮಡಿಸುತ್ತದೆ, ಇನ್ನೊಂದು ಅಡ್ಡಕ್ಕೆ ಸರಿಸುತ್ತದೆ. ಮೋಟರ್, ಎಳೆತಂತಿ, ಮಣಿಯುವ ಪ್ಲಾಸ್ಟಿಕ್‌ನ 3ಡಿ ಮುದ್ರಣ, ಪ್ರತಿ ಕೈಯ ಅಳತೆಗೂ ಕೂರುವ ಪಟ್ಟಿ, ಇಷ್ಟನ್ನೂ ಹೊಂದಿಸುವಷ್ಟರಲ್ಲಿ ನಿಮ್ಮ ಎರಡು ತಿಂಗಳು ಮುಗಿದಿರುತ್ತದೆ.

ಸೊಂಟಪಟ್ಟಿಗೆ ಗಟ್ಟಿ ಪೂರ್ವಜ ಇದೆ. ಜರ್ಮನಿಯ ಓಸ್ನಾಬ್ರೂಕ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಕ್ಯೋನಿಗ್ ಅವರ ತಂಡ "ಫೀಲ್‌ಸ್ಪೇಸ್" ಅನ್ನುವ ಪಟ್ಟಿ ಮಾಡಿ 2005ರಲ್ಲಿ ಫಲಿತಾಂಶ ಪ್ರಕಟಿಸಿತು. ಸೊಂಟದ ಸುತ್ತ ಕಂಪನ ಮೋಟರ್‌ಗಳು; ಉತ್ತರಕ್ಕೆ ಯಾವುದು ಮುಖ ಮಾಡಿದೆಯೋ ಅದೊಂದು ಮಾತ್ರ ಕಂಪಿಸುತ್ತದೆ. ನೀವು ತಿರುಗಿದರೆ ಕಂಪನ ಸೊಂಟದ ಮೇಲೆ ಸರಿಯುತ್ತದೆ, ಉತ್ತರ ಮಾತ್ರ ಇದ್ದಲ್ಲೇ ಇರುತ್ತದೆ.

ಬೇಕಾದ ಸಾಮಾನು: 10 ಮಿ.ಮೀ. ಕಾಯಿನ್ ಮೋಟರ್ 8 (ಜೊತೆಗೆ 4 ಹೆಚ್ಚಿಗೆ ತನ್ನಿ, ತಂತಿ ಕಿತ್ತು ಹಾಳಾಗೇ ಆಗುತ್ತವೆ), ಯುಎಲ್‌ಎನ್2803 ಚಿಪ್ (ಬೋರ್ಡಿನ ಸಣ್ಣ ಸಂಕೇತದಿಂದ ಮೋಟರ್ ನಡೆಸುವಂಥದ್ದು) ಒಂದು, 3.3 ವೋಲ್ಟ್ 8 ಮೆಗಾಹರ್ಟ್ಸ್ ಆರ್ಡುಯಿನೊ ಪ್ರೊ ಮಿನಿ ಬೋರ್ಡ್, ಬಿಎನ್‌ಒ055 ಸೆನ್ಸರ್ (ದಿಕ್ಸೂಚಿಯ ಜೊತೆಗೆ ವಾಲಿಕೆ, ತಿರುಗುವಿಕೆಯನ್ನೂ ಅಳೆಯುವಂಥದ್ದು), 1000 ಎಂಎಎಚ್ ಲಿಪೊ ಬ್ಯಾಟರಿ, ರಕ್ಷಣಾ ಸರ್ಕ್ಯೂಟ್ ಇರುವ ಟಿಪಿ4056 ಚಾರ್ಜರ್, 5 ಸೆಂ.ಮೀ. ಅಗಲದ ಎಲಾಸ್ಟಿಕ್. ಬೆಂಗಳೂರಿನವರಾದರೆ ಎಸ್.ಪಿ. ರೋಡ್‌ನಲ್ಲಿ ಒಂದೇ ಓಡಾಟಕ್ಕೆ ಎಲ್ಲ ಸಿಗುತ್ತದೆ. ಖರ್ಚು ಜಾಸ್ತಿ ಬೀಳುವುದು ಸೆನ್ಸರ್‌ಗೆ.

ಮೋಟರ್ 8 ಏಕೆ, 16 ಏಕಲ್ಲ ಅಂತ ಕೇಳುತ್ತೀರಿ. ಹೊಟ್ಟೆ-ಬೆನ್ನಿನ ಚರ್ಮ ಬೆರಳ ತುದಿಯಷ್ಟು ಸೂಕ್ಷ್ಮವಲ್ಲ. ಹೊಕ್ಕಳಿನ ಹತ್ತಿರ ಮತ್ತು ಬೆನ್ನುಮೂಳೆಯ ಮೇಲೆ ಜಾಗ ಚೆನ್ನಾಗಿ ಗೊತ್ತಾಗುತ್ತದೆ, ಪಕ್ಕೆಗಳಲ್ಲಿ ಮಸುಕು. 8 ಇದ್ದಾಗ ಯಾವುದು ಕಂಪಿಸಿತು ಅನ್ನುವುದನ್ನು ಜನ ಹತ್ತಕ್ಕೆ ಒಂಬತ್ತು ಸಲ ಸರಿಯಾಗಿ ಹೇಳುತ್ತಾರೆ, 12 ಮಾಡಿದರೆ ತಪ್ಪು ಎದ್ದು ಕಾಣುವಷ್ಟು ಹೆಚ್ಚುತ್ತದೆ. ಸೊಂಟ 84 ಸೆಂ.ಮೀ. ಇದ್ದರೆ ಮೋಟರ್‌ನಿಂದ ಮೋಟರ್‌ಗೆ 10.5 ಸೆಂ.ಮೀ. ಬರುತ್ತದೆ. ಮೊದಲನೆಯದು ಹೊಕ್ಕಳ ಮೇಲೆ, ಐದನೆಯದು ಬೆನ್ನುಮೂಳೆಯ ಮೇಲೆ, ಮೂರು ಮತ್ತು ಏಳು ನೇರ ಪಕ್ಕೆಯ ಮೇಲೆ. ಉಳಿದ ನಾಲ್ಕನ್ನು ನಡುವೆ ಹಂಚಿ.

ವೈರಿಂಗ್: ಪ್ರೊ ಮಿನಿಯ ಪಿನ್‌ನಿಂದ ಮೋಟರ್ ನೇರ ನಡೆಸಬೇಡಿ. ಕಾಯಿನ್ ಮೋಟರ್ 60ರಿಂದ 80 ಮಿಲಿಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಇನ್ನೂ ಹೆಚ್ಚು. ಚಿಪ್‌ನ ಒಂದು ಪಿನ್ ತಡೆಯುವ ಗರಿಷ್ಠ ಮಿತಿಯೇ 40. ಅದಕ್ಕೇ ಯುಎಲ್‌ಎನ್2803. 1ರಿಂದ 8ನೇ ಪಿನ್‌ಗೆ ಬೋರ್ಡಿನ ಎಂಟು ಔಟ್‌ಪುಟ್, 9 ನೆಲಕ್ಕೆ, 11ರಿಂದ 18 ಒಂದೊಂದು ಮೋಟರಿನ ಋಣ ತುದಿಗೆ (1ರ ಎದುರು 18 ಬರುತ್ತದೆ, ಎಣಿಕೆ ತಲೆಕೆಳಗು ಮಾಡಬೇಡಿ). ಮೋಟರ್‌ಗಳ ಧನ ತುದಿಗಳೆಲ್ಲ ಬ್ಯಾಟರಿಗೆ. 10ನೇ ಪಿನ್ ಕೂಡ ಅದೇ ಧನ ತುದಿಗೆ ಹೋಗಬೇಕು. ಮೋಟರ್ ನಿಂತಾಗ ಬರುವ ಹಿಮ್ಮುಖ ವೋಲ್ಟೇಜನ್ನು ಒಳಗಿನ ಡಯೋಡ್‌ಗಳು ಹೀರುವುದು ಆ ದಾರಿಯಲ್ಲೇ. ಬಹಳ ಜನ ಇದನ್ನು ಖಾಲಿ ಬಿಡುತ್ತಾರೆ, ಬೋರ್ಡ್ ಕಾರಣವಿಲ್ಲದೆ ರೀಸೆಟ್ ಆಗುತ್ತದೆ ಅಂತ ಆಮೇಲೆ ಪರದಾಡುತ್ತಾರೆ. ಚಿಪ್‌ನೊಳಗೆ ಸುಮಾರು 0.9 ವೋಲ್ಟ್ ಇಳಿಯುತ್ತದೆ. 3.7ರ ಬ್ಯಾಟರಿಗೆ ಮೋಟರ್ ಪಾಲು 2.8, ಅಂದರೆ 3 ವೋಲ್ಟ್ ಮೋಟರ್‌ಗೆ ಹೇಳಿ ಮಾಡಿಸಿದ ಹಾಗೆ. ಮೋಟರ್ ಸರಬರಾಜಿಗೆ ಅಡ್ಡಲಾಗಿ 100 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದು ಇರಲಿ.

ಸೆನ್ಸರ್ ಬಗ್ಗೆ ಎರಡು ಮಾತು. ಅಗ್ಗಕ್ಕೆ ಸಿಗುವ ದಿಕ್ಸೂಚಿ ಬೋರ್ಡಿನ ಮೇಲೆ ಎಚ್‌ಎಂಸಿ5883ಎಲ್ ಅಂತ ಬರೆದಿದ್ದರೂ ಒಳಗಿರುವುದು ಸಾಮಾನ್ಯವಾಗಿ ಕ್ಯೂಎಂಸಿ5883ಎಲ್. ಎರಡರ ವಿಳಾಸವೂ ಬೇರೆ (ಮೊದಲನೆಯದು ಹೆಕ್ಸ್ 1ಇ, ಎರಡನೆಯದು ಹೆಕ್ಸ್ 0ಡಿ), ರಿಜಿಸ್ಟರ್‌ಗಳ ಜೋಡಣೆಯೂ ಬೇರೆ. ಒಂದರ ಲೈಬ್ರರಿ ಇನ್ನೊಂದಕ್ಕೆ ಓಡುವುದಿಲ್ಲ. ಓದಿದ್ದೆಲ್ಲ ಸೊನ್ನೆ ಬಂದರೆ ಬೋರ್ಡ್ ಸುಟ್ಟಿದೆ ಅಂದುಕೊಳ್ಳುವ ಮೊದಲು ಐ2ಸಿ ಸ್ಕ್ಯಾನ್ ಮಾಡಿ, ಯಾವ ವಿಳಾಸ ಉತ್ತರಿಸುತ್ತದೆ ನೋಡಿ.

ಇನ್ನೊಂದು ನಮ್ಮ ನೆಲಕ್ಕೇ ಸೇರಿದ ಅನುಕೂಲ. ಭೂಮಿಯ ಕಾಂತಕ್ಷೇತ್ರ ಜರ್ಮನಿಯಲ್ಲಿ ನೆಲದೊಳಕ್ಕೆ ಸುಮಾರು 67 ಡಿಗ್ರಿ ಓರೆಯಾಗಿ ಇಳಿಯುತ್ತದೆ. ಅಲ್ಲಿ ಸೆನ್ಸರ್ 10 ಡಿಗ್ರಿ ವಾಲಿದರೆ ದಿಕ್ಕು 24 ಡಿಗ್ರಿವರೆಗೆ ತಪ್ಪಬಹುದು, ಯಾಕಂದರೆ ತಪ್ಪು ವಾಲಿಕೆ ಮತ್ತು ಇಳಿಕೋನದ ಟ್ಯಾನ್ ಎರಡರ ಗುಣಲಬ್ಧಕ್ಕೆ ಹತ್ತಿರ. ಕಾಂತೀಯ ಸಮಭಾಜಕ (ಕ್ಷೇತ್ರ ಓರೆಯಿಲ್ಲದೆ ನೆಲಕ್ಕೆ ಸಮತಲವಾಗಿರುವ ಗೆರೆ) ಭಾರತದ ದಕ್ಷಿಣ ತುದಿಯ ಹತ್ತಿರ ಹಾಯುತ್ತದೆ. 1963ರಲ್ಲಿ ಕೇರಳದ ತುಂಬಾ ಅನ್ನುವ ಊರಿನಲ್ಲಿ ರಾಕೆಟ್ ಉಡಾವಣೆ ಕೇಂದ್ರ ಬಂದದ್ದು ಅದೇ ಕಾರಣಕ್ಕೆ. ಬೆಂಗಳೂರಿನಲ್ಲಿ ಇಳಿಕೋನ ಬರೀ 10-13 ಡಿಗ್ರಿ, ಬೀದರ್ ಕಡೆ 20ರ ಮೇಲೆ. ಹಾಗಾಗಿ ಅದೇ 10 ಡಿಗ್ರಿ ವಾಲಿಕೆಗೆ ಬೆಂಗಳೂರಿನಲ್ಲಿ ತಪ್ಪು 2 ಡಿಗ್ರಿ ಚಿಲ್ಲರೆ. ಮೇಲಾಗಿ ಕ್ಷೇತ್ರದ ಸಮತಲ ಭಾಗ ನಮ್ಮಲ್ಲಿ ಹತ್ತಿರಹತ್ತಿರ 40 ಮೈಕ್ರೊಟೆಸ್ಲಾ, ಅಲ್ಲಿಯದಕ್ಕೆ ಎರಡು ಪಟ್ಟು. ದುಡ್ಡು ಸಾಲದಿದ್ದರೆ ಬರೀ ಕ್ಯೂಎಂಸಿ ಹಾಕಿಯೂ ಇಲ್ಲಿ ಕೆಲಸ ಸಾಗುತ್ತದೆ. ಭೌಗೋಳಿಕ ಉತ್ತರಕ್ಕೂ ಕಾಂತೀಯ ಉತ್ತರಕ್ಕೂ ಇರುವ ಒಂದೆರಡು ಡಿಗ್ರಿ ವ್ಯತ್ಯಾಸವನ್ನು ಮೋಟರಿಗೆ 45 ಡಿಗ್ರಿ ಬೀಳುವ ಪಟ್ಟಿಯಲ್ಲಿ ಮರೆತುಬಿಡಿ.

ಕೋಡ್‌ನಲ್ಲಿ ತಪ್ಪುವ ಜಾಗ ಮೂರು. ಮೊದಲನೆಯದು ದಿಕ್ಕಿನ ಚಿಹ್ನೆ. ಮೋಟರ್‌ಗಳಿಗೆ ಹೊಕ್ಕಳಿನಿಂದ ಬಲಕ್ಕೆ 0, 1, 2 ಅಂತ ಸಂಖ್ಯೆ ಕೊಟ್ಟರೆ, ಕಂಪಿಸಬೇಕಾದ್ದು (360 − ದಿಕ್ಕು) ÷ 45, ಹತ್ತಿರದ ಪೂರ್ಣಾಂಕಕ್ಕೆ. 8 ಬಂದರೆ ಅದು 0. ಪೂರ್ವಕ್ಕೆ ಮುಖ ಮಾಡಿದರೆ ದಿಕ್ಕು 90, ಉತ್ತರ ಬರುವುದು 6 ಅಂತ ಸಂಖ್ಯೆ ಕೊಟ್ಟ ಮೋಟರ್‌ಗೆ, ಅಂದರೆ ಎಡ ಪಕ್ಕೆಗೆ. ಕಳೆಯುವುದನ್ನು ಮರೆತರೆ ಉತ್ತರ-ದಕ್ಷಿಣಕ್ಕೆ ನಿಂತಾಗ ಸರಿ, ಪೂರ್ವ-ಪಶ್ಚಿಮಕ್ಕೆ ನಿಂತಾಗ ತಿರುಗುಮುರುಗು. ಅರ್ಧ ಸರಿ ಇರುವ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದು ಸರಾಸರಿ. 359 ಮತ್ತು 1ರ ಸರಾಸರಿ ಹಾಗೇ ತೆಗೆದರೆ 180, ನೇರ ದಕ್ಷಿಣ! ಸೈನ್ ಮತ್ತು ಕೊಸೈನ್‌ಗಳ ಸರಾಸರಿ ಬೇರೆಬೇರೆ ತೆಗೆದು ಆಮೇಲೆ ಕೋನಕ್ಕೆ ತಿರುಗಿಸಿ. ಮೂರನೆಯದು ಗಡಿ. ಎರಡು ಮೋಟರ್‌ಗಳ ನಡುಗಡಿಯಲ್ಲಿ ನಿಂತರೆ ಕಂಪನ ಆ ಕಡೆ ಈ ಕಡೆ ಹಾರಾಡುತ್ತದೆ. ಗಡಿ ದಾಟಿ 6 ಡಿಗ್ರಿ ಮುಂದೆ ಹೋದ ಮೇಲಷ್ಟೇ ಮೋಟರ್ ಬದಲಿಸಿ.

ನರಜಾಲ ಉತ್ತರ:

"ಅಂಗವಾಗುತ್ತದೋ" ಅನ್ನುವ ಪ್ರಶ್ನೆಯನ್ನು ಹಿಡಿದು ಹೇಳುತ್ತೇನೆ, ಯಾಕಂದರೆ ಮೇಲಿನವರು ಹೇಳಿದ ಸಣ್ಣಸಣ್ಣ ಜಾಗ್ರತೆಗಳಿಗೆಲ್ಲ ಉತ್ತರ ಅಲ್ಲೇ ಇದೆ.

1969ರಲ್ಲಿ ಪಾಲ್ ಬಾಖ್-ಇ-ರೀಟಾ ಅವರು ದೃಷ್ಟಿಹೀನರನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ 400 ಕಂಪಕಗಳನ್ನು ಒತ್ತಿ, ಕ್ಯಾಮೆರಾದ ಚಿತ್ರವನ್ನು ಅದರ ಮೇಲೆ ಮೂಡಿಸಿದರು. ಕ್ಯಾಮೆರಾ ತನ್ನ ಪಾಡಿಗೆ ಇದ್ದಾಗ ಬೆನ್ನಿನ ಮೇಲೆ ಕಚಗುಳಿ ಅಷ್ಟೇ. ಕ್ಯಾಮೆರಾವನ್ನು ಅವರೇ ತಿರುಗಿಸತೊಡಗಿದ ಮೇಲೆ ವಸ್ತು ಬೆನ್ನಿನ ಮೇಲಲ್ಲ, ಎದುರಿಗೆ ಇದೆ ಅಂತ ಅನಿಸತೊಡಗಿತು. ಮಿದುಳಿಗೆ ಬೇಕಾದ್ದು ಸಂಕೇತ ಒಂದೇ ಅಲ್ಲ. "ನಾನು ಹೀಗೆ ಅಲುಗಿದೆ, ಅದು ಹಾಗೆ ಬದಲಾಯಿತು" ಅನ್ನುವ ನಂಟು ಪ್ರತಿ ಸಲವೂ ತಪ್ಪದೆ ಬರಬೇಕು. ಕಣ್ಣಾದರೂ ಕಿವಿಯಾದರೂ ನಮಗೆ ಅಂಗವಾಗಿರುವುದು ಈ ನಂಟಿನಿಂದಲೇ. ಫೋನ್ ಗುಂಯ್ ಅಂದರೆ ಅದಕ್ಕೂ ನಿಮ್ಮ ಚಲನೆಗೂ ಸಂಬಂಧವಿಲ್ಲ, ಹಾಗಾಗಿ ಅದು ಸುದ್ದಿ ಮಾತ್ರ.

ಓಸ್ನಾಬ್ರೂಕ್‌ನಲ್ಲಿ ನಾಲ್ಕು ಜನ ಆರು ವಾರ ಪಟ್ಟಿ ಕಟ್ಟಿಕೊಂಡಿದ್ದರು. ಅವರಲ್ಲಿ ಇಬ್ಬರು ಸುತ್ತಲಿನ ಜಾಗವನ್ನು ಗ್ರಹಿಸುವ ರೀತಿಯೇ ಬದಲಾಯಿತು ಅಂದರು. ಇನ್ನಿಬ್ಬರಿಗೆ ಹಾಗಾಗಲಿಲ್ಲ. ಹಾಗಾಗಿ ಪ್ರದರ್ಶನಕ್ಕೆ ಬಂದು ಹತ್ತು ನಿಮಿಷ ಕಟ್ಟಿಕೊಂಡವರಿಗೆ "ಹೊಸ ಇಂದ್ರಿಯ ಬಂತು" ಅಂತ ಫಲಕದಲ್ಲಿ ಬರೆಯಬೇಡಿ. ಹತ್ತು ನಿಮಿಷದಲ್ಲಿ ಸಿಗುವುದು ಉಪಕರಣದ ಬಳಕೆ. ಇಂದ್ರಿಯ ಅನ್ನುವಂಥದ್ದು ಬರುವುದಾದರೆ ವಾರಗಟ್ಟಲೆ ಬೇಕು, ಎಲ್ಲರಿಗೂ ಬರುತ್ತದೆ ಅಂತಲೂ ಇಲ್ಲ.

ನಿಮ್ಮ ವಿನ್ಯಾಸಕ್ಕೆ ಇದರಿಂದ ಹೊರಡುವ ನಿಯಮ ಎರಡು. ತಡ ಆಗಬಾರದು. ದೇಹ ತಿರುಗಿ ಅರ್ಧ ಸೆಕೆಂಡಿನ ಮೇಲೆ ಕಂಪನ ಸರಿದರೆ ಮಿದುಳು ಎರಡನ್ನೂ ಜೋಡಿಸುವುದಿಲ್ಲ. 0.1 ಸೆಕೆಂಡಿನ ಆಸುಪಾಸಿಗೆ ತನ್ನಿ. ಈ ಕಾರಣಕ್ಕೇ ಭಾರೀ ಸರಾಸರಿ ತೆಗೆದು ನಯಗೊಳಿಸುವುದು ತಪ್ಪು, ಗೈರೊ (ತಿರುಗುವ ವೇಗ ಅಳೆಯುವ ಭಾಗ) ಇರುವ ಸೆನ್ಸರ್ ಮೇಲು. ಎರಡನೆಯದು, ಸುಳ್ಳು ಹೇಳಬಾರದು. ಗೊತ್ತಿಲ್ಲದಾಗ ಪಟ್ಟಿ ಸುಮ್ಮನಿರಬೇಕು. ಒಟ್ಟು ಕಾಂತಕ್ಷೇತ್ರದ ಪ್ರಮಾಣವನ್ನು ಸದಾ ಲೆಕ್ಕಹಾಕುತ್ತಿರಿ. ಕರ್ನಾಟಕದಲ್ಲಿ ಅದು 40 ಮೈಕ್ರೊಟೆಸ್ಲಾಗೆ ಸ್ವಲ್ಪ ಮೇಲೆ. ಅದಕ್ಕಿಂತ ಶೇ. 20ರಷ್ಟು ಹೆಚ್ಚು-ಕಡಿಮೆ ಆದರೆ ಹತ್ತಿರದಲ್ಲಿ ಕಬ್ಬಿಣ ಅಥವಾ ವಿದ್ಯುತ್ ಪ್ರವಾಹ ಇದೆ ಅಂತ ಅರ್ಥ, ಮೋಟರ್‌ಗಳನ್ನು ನಿಲ್ಲಿಸಿ. ಲಿಫ್ಟ್, ಬಸ್ಸು, ಸ್ಟೀಲ್ ಬೀರು, ಆರ್‌ಸಿಸಿ ಕಂಬ, 750 ವೋಲ್ಟ್ ಡಿಸಿಯಲ್ಲಿ ಓಡುವ ನಮ್ಮ ಮೆಟ್ರೊ, ಇವೆಲ್ಲ ಕಡೆ ಪಟ್ಟಿ ಮೌನವಾಗುವುದೇ ಸರಿಯಾದ ನಡವಳಿಕೆ.

ಹಕ್ಕಿಗಳ ಮಾತು ಎತ್ತಿದ್ದೀರಿ. ಯುರೋಪಿಯನ್ ರಾಬಿನ್‌ನ ದಿಕ್ಸೂಚಿ ಉತ್ತರ ಯಾವುದು, ದಕ್ಷಿಣ ಯಾವುದು ಅಂತ ಗುರುತಿಸುವುದಿಲ್ಲ. ಕ್ಷೇತ್ರ ನೆಲದ ಕಡೆ ಯಾವ ಓರೆಯಲ್ಲಿ ಇಳಿಯುತ್ತದೆ ಅನ್ನುವುದನ್ನು ನೋಡಿ ಧ್ರುವದ ಕಡೆ, ಸಮಭಾಜಕದ ಕಡೆ ಅಂತ ವಿಂಗಡಿಸುತ್ತದೆ. ನಿಮ್ಮ ಪಟ್ಟಿ ಅದರ ನಕಲಲ್ಲ, ಬೇರೆಯೇ ಅಂಗ. ಮನುಷ್ಯನಲ್ಲೇ ಇಂಥದ್ದು ಇದೆಯೇ ಅಂತ 2019ರಲ್ಲಿ ಕ್ಯಾಲ್‌ಟೆಕ್‌ನ ಜೋಸೆಫ್ ಕಿರ್ಶ್ವಿಂಕ್ ತಂಡ ಪರೀಕ್ಷಿಸಿತು: ಭೂಮಿಯಷ್ಟೇ ಬಲದ ಕ್ಷೇತ್ರವನ್ನು ತಿರುಗಿಸಿದಾಗ ಕೆಲವರ ಮಿದುಳಿನ ಆಲ್ಫಾ ಅಲೆಗಳು ಕುಗ್ಗಿದವು, ಆದರೆ ಯಾರಿಗೂ ಏನೂ ಅನಿಸಲಿಲ್ಲ. ಪ್ರದರ್ಶನದ ಫಲಕಕ್ಕೆ ಒಳ್ಳೆಯ ವಿಷಯ.

ಹೆಬ್ಬೆರಳನ್ನು ಕೈಬಿಟ್ಟರೂ ಅದರಿಂದ ತಿಳಿದ ಒಂದು ಸಂಗತಿ ಹಾಕಿಕೊಳ್ಳಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ತಮಾರ್ ಮಾಕಿನ್ ತಂಡ ಆ ಹೆಬ್ಬೆರಳನ್ನು ಐದು ದಿನ ಅಭ್ಯಾಸ ಮಾಡಿಸಿ ಮಿದುಳಿನ ಸ್ಕ್ಯಾನ್ ತೆಗೆಯಿತು. ಹುಟ್ಟಿನಿಂದ ಬಂದ ಐದು ಬೆರಳುಗಳ ಗುರುತುಗಳು ಮಿದುಳಿನಲ್ಲಿ ಒಂದಕ್ಕೊಂದು ಸ್ವಲ್ಪ ಹೋಲತೊಡಗಿದ್ದವು. ಹೊಸ ಅಂಗಕ್ಕೆ ಜಾಗ ಕೊಡುವಾಗ ಹಳೆಯದೂ ಸ್ವಲ್ಪ ಅಲುಗುತ್ತದೆ. ದೇಹವನ್ನು ಹೆಚ್ಚಿಸುವ ಮಾತಾಡುವವರು ಇದನ್ನು ಬಿಟ್ಟು ಮಾತಾಡಬಾರದು.

ಹೊಲಿಗೆ_ದಾರ ಉತ್ತರ:

ಚರ್ಮದೊಳಗೆ ಆಯಸ್ಕಾಂತ: ಆ ಹುಡುಗನನ್ನು ದಯವಿಟ್ಟು ತಡೆಯಿರಿ. ಹೆದರಿಸಲು ಹೇಳುತ್ತಿಲ್ಲ, ಕಾರಣ ಕೊಡುತ್ತೇನೆ.

ಇದಕ್ಕೆ ಬಳಸುವುದು ನಿಯೊಡಿಮಿಯಂ ಆಯಸ್ಕಾಂತ, ಸುಮಾರು 3 ಮಿ.ಮೀ. ಅಡ್ಡಳತೆ, 1 ಮಿ.ಮೀ. ದಪ್ಪ. ಅದರಲ್ಲಿ ಕಬ್ಬಿಣವಿದೆ, ಒದ್ದೆ ತಗುಲಿದರೆ ತುಕ್ಕು ಹಿಡಿದು ಪುಡಿಯಾಗುತ್ತದೆ. ಅಂಗಡಿಯದ್ದಕ್ಕೆ ಇರುವ ನಿಕಲ್ ಲೇಪ ದೇಹದೊಳಗೆ ಇಡುವಂಥದ್ದಲ್ಲ, ಅಲರ್ಜಿಯೂ ತರುತ್ತದೆ. ಟೈಟೇನಿಯಂ ನೈಟ್ರೈಡ್, ಪ್ಯಾರಿಲೀನ್, ಸಿಲಿಕೋನ್ ಲೇಪಗಳನ್ನು ಬಳಸುವವರಿದ್ದಾರೆ, ಆದರೆ ಬೆರಳು ದಿನಕ್ಕೆ ಸಾವಿರ ಸಲ ಒತ್ತಿಸಿಕೊಳ್ಳುವ ಜಾಗ. ಲೇಪದಲ್ಲಿ ಕೂದಲೆಳೆ ಬಿರುಕು ಬಿಟ್ಟರೆ ಸಾಕು: ಮೇಲಿನ ಚರ್ಮ ಕಪ್ಪಾಗುತ್ತದೆ, ಊದುತ್ತದೆ, ದೇಹ ಅದನ್ನು ಹೊರಗೆ ತಳ್ಳುತ್ತದೆ. ಬೆರಳ ತುದಿಯ ಮೆತ್ತೆಯಲ್ಲಿ ಕೀವಾದರೆ ಸಣ್ಣಸಣ್ಣ ಕೋಣೆಗಳಲ್ಲಿ ಒತ್ತಡ ಏರಿ ಮೂಳೆಯವರೆಗೂ ಹೋಗಬಹುದು. ಎಂಆರ್‌ಐ ಬೇಕಾದ ದಿನ ಇದು ದೊಡ್ಡ ತೊಡಕು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬೆರಳು ಕೊಯ್ಯುವುದು ನೋಂದಾಯಿತ ವೈದ್ಯರ ಕೆಲಸ, ಟ್ಯಾಟೂ ಅಂಗಡಿಯದಲ್ಲ.

ವೈದ್ಯರೇ ಮಾಡಿದರೂ ಸಲೀಸಲ್ಲ. ಸ್ಟೆಲಾರ್ಕ್ ಅನ್ನುವ ಆಸ್ಟ್ರೇಲಿಯಾದ ಕಲಾವಿದ ತನ್ನ ಮುಂಗೈಯಲ್ಲಿ ಕಿವಿಯ ಆಕಾರವನ್ನು ಶಸ್ತ್ರಚಿಕಿತ್ಸೆಯಿಂದ ಮೂಡಿಸಿಕೊಂಡರು. ಅದರೊಳಗೆ ಇಟ್ಟ ಮೈಕ್ರೊಫೋನ್ ಸೋಂಕಿನಿಂದಾಗಿ ಹೊರತೆಗೆಯಬೇಕಾಯಿತು.

ಇನ್ನೊಂದು ತಪ್ಪು ತಿಳಿವಳಿಕೆ: ಬೆರಳಿನ ಆಯಸ್ಕಾಂತಕ್ಕೆ ಉತ್ತರ ದಿಕ್ಕು ಗೊತ್ತಾಗುವುದಿಲ್ಲ. ಆ ಗಾತ್ರದ ತುಣುಕಿನ ಮೇಲೆ ಭೂಮಿ ಹಾಕುವ ತಿರುಚುಬಲ ಚರ್ಮಕ್ಕೆ ಏನೇನೂ ಅಲ್ಲ. ಗೊತ್ತಾಗುವುದು ಹತ್ತಿರದ ಬಲವಾದ, ಅದರಲ್ಲೂ ಅದಲುಬದಲಾಗುವ ಕ್ಷೇತ್ರ. ಅದನ್ನು ತೋರಿಸಬೇಕಾದರೆ ಕೊಯ್ಯುವುದೇ ಬೇಡ. ಅದೇ 3 ಮಿ.ಮೀ. ಆಯಸ್ಕಾಂತವನ್ನು ಉಂಗುರ ಬೆರಳಿನ ಮೆತ್ತೆಗೆ ಕಾಗದದ ಸರ್ಜಿಕಲ್ ಟೇಪಿನಿಂದ ಅಂಟಿಸಿ, ಮನೆಯ ಯುಪಿಎಸ್‌ನ ಟ್ರಾನ್ಸ್‌ಫಾರ್ಮರ್ ಇರುವ ಬದಿಗೆ, ಓಡುತ್ತಿರುವ ಮಿಕ್ಸಿಯ ಹೊರಮೈಗೆ ನಿಧಾನ ತನ್ನಿ. ಟ್ರಾನ್ಸ್‌ಫಾರ್ಮರ್ ಹತ್ತಿರ ಸಣ್ಣ ನಡುಕ ಬರುತ್ತದೆ, ಸೆಕೆಂಡಿಗೆ 50 ಸಲ ಅದಲುಬದಲಾಗುವ ಮನೆ ಕರೆಂಟಿನದು. ದೂರ ಸರಿದಂತೆ ಅದು ಎಷ್ಟು ಬೇಗ ಅಡಗುತ್ತದೆ ಅನ್ನುವುದರಲ್ಲೇ ಕ್ಷೇತ್ರದ ಆಕಾರ ಬೆರಳಿಗೆ ಸಿಗುತ್ತದೆ. ಕವಚ ಬಿಚ್ಚಬೇಡಿ. ಚಿಕ್ಕ ಮಕ್ಕಳ ಕೈಗೆ ಬಿಡಿ ಆಯಸ್ಕಾಂತ ಕೊಡಬೇಡಿ. ಎರಡು ನುಂಗಿದರೆ ಕರುಳಿನ ಮಡಿಕೆಗಳ ನಡುವೆ ಅಂಟಿಕೊಂಡು ತೂತು ಮಾಡುತ್ತವೆ. ಪೇಸ್‌ಮೇಕರ್ ಇರುವವರು ಯಾವುದನ್ನೂ ಹಾಕಿಕೊಳ್ಳಬಾರದು ಅಂತ ದೊಡ್ಡ ಅಕ್ಷರದಲ್ಲಿ ಬರೆದಿಡಿ, ಆಯಸ್ಕಾಂತ ಅದರ ನಡೆಯನ್ನೇ ಬದಲಿಸುತ್ತದೆ.

ಸೊಂಟಪಟ್ಟಿಯನ್ನು ಬನಿಯನ್ ಅಥವಾ ತೆಳು ಹತ್ತಿ ಅಂಗಿಯ ಮೇಲೆ ಕಟ್ಟಿಸಿ. ಬರೀ ಮೈಗೆ ಕಟ್ಟಿದರೆ ಬೆವರುಸಾಲೆ ಏಳುತ್ತದೆ, ಮೋಟರಿನ ಲೋಹದ ಕವಚ ಕೆಲವರಿಗೆ ತುರಿಕೆ ತರುತ್ತದೆ. ಬ್ಯಾಟರಿ ಗಟ್ಟಿ ಡಬ್ಬಿಯಲ್ಲಿರಲಿ, ಚಾರ್ಜಿಗೆ ಹಾಕಿರುವಾಗ ಯಾರ ಮೈಮೇಲೂ ಇರಬಾರದು.

ಎಂಟನೇ_ದಿಕ್ಕು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಆಯಸ್ಕಾಂತದ ಕಥೆ ಟೇಪಿಗೆ ಇಳಿಯಿತು. ಸೊಂಟಪಟ್ಟಿಯ ಮೊದಲ ಜೋಡಣೆ ಆಗಿದೆ, ಮೂರು ತೊಂದರೆ ಇವೆ. ಮೇಜಿನ ಮೇಲೆ ದಿಕ್ಕು ಸರಿ ಬರುತ್ತದೆ, ಸೊಂಟಕ್ಕೆ ಕಟ್ಟಿದರೆ 40 ಡಿಗ್ರಿವರೆಗೆ ತಪ್ಪು, ಅದೂ ಕೂತಾಗ ಒಂದು ತರಹ, ನಿಂತಾಗ ಇನ್ನೊಂದು. ಸೆನ್ಸರನ್ನು ಬೆನ್ನ ಕಡೆ ನೆಟ್ಟಗೆ ನಿಲ್ಲಿಸಿದ್ದೇವೆ. ಸ್ವಲ್ಪ ಬಗ್ಗಿದರೆ ದಿಕ್ಕು ಪಟ್ಟನೆ ಎದುರಿಗೆ ಹಾರುತ್ತದೆ. ಕಂಪನ ಎಲ್ಲಿ ಬರುತ್ತಿದೆ ಅನ್ನುವುದು ಗೊತ್ತಾಗುವುದಿಲ್ಲ, ಪಟ್ಟಿಯೆಲ್ಲ ನಡುಗಿದ ಹಾಗಿದೆ. ಮೋಟರ್‌ಗಳನ್ನು ಚರ್ಮದ ಬೆಲ್ಟಿಗೆ ಅಂಟಿಸಿದ್ದೇವೆ.

ತಾಮ್ರ_ತಂತಿ ಉತ್ತರ:

ಮೂರಕ್ಕೂ ಕಾರಣ ಸಿಕ್ಕಿದ ಹಾಗೇ.

ಮೊದಲನೆಯದು: ಪ್ರತಿ ಕಾಯಿನ್ ಮೋಟರ್‌ನಲ್ಲೂ ಆಯಸ್ಕಾಂತ ಇದೆ. ಎಂಟು ಮೋಟರ್ 10 ಸೆಂ.ಮೀ.ಗೊಂದರಂತೆ ಇದ್ದರೆ ಪಟ್ಟಿಯ ಮೇಲೆ ಎಲ್ಲೇ ಸೆನ್ಸರ್ ಇಟ್ಟರೂ ಯಾವುದೋ ಒಂದಕ್ಕೆ 5 ಸೆಂ.ಮೀ. ಒಳಗೇ ಇರುತ್ತದೆ. ಮೋಟರ್ ಕದಲದೆ ಇದ್ದರೆ ಕ್ಯಾಲಿಬ್ರೇಷನ್ ಆ ತಪ್ಪನ್ನು ಕಳೆಯುತ್ತಿತ್ತು. ಕೂತಾಗ ಪಟ್ಟಿ ಮಡಚಿ ಮೋಟರ್ ಹತ್ತಿರ ಬರುವುದರಿಂದ ಕಳೆಯಬೇಕಾದ ಮೊತ್ತವೇ ಬದಲಾಗುತ್ತದೆ. ಸೆನ್ಸರನ್ನು ಪಟ್ಟಿಯಿಂದ ಬಿಡಿಸಿ. ಎರಡು ಭುಜದ ಮೇಲಿಂದ ಬರುವ ತೆಳು ಪಟ್ಟಿ ಹೊಲಿಸಿ, ಬೆನ್ನಿನ ಮೇಲ್ಭಾಗದ ಜೇಬಿನಲ್ಲಿ, ಮೋಟರ್‌ಗಳಿಂದ ಕನಿಷ್ಠ 15 ಸೆಂ.ಮೀ. ಮೇಲೆ ಇಡಿ. ಕೊಂಡಿ, ಬಕಲ್ ಪ್ಲಾಸ್ಟಿಕ್‌ನದೇ ಆಗಲಿ. ಲಿಪೊ ಬದಲು ಸಿಲಿಂಡರಿನಂಥ 18650 ಲಿಥಿಯಂ ಸೆಲ್ ಹಾಕಿದ್ದರೆ ಅದರ ಕವಚ ಉಕ್ಕು, ಅದೂ ದೂರ ಇರಲಿ.

ತಂತಿಗಳನ್ನೂ ನೋಡಿ. ಒಂದು ತಂತಿಯಲ್ಲಿ 80 ಮಿಲಿಆಂಪಿಯರ್ ಹರಿಯುವಾಗ 1 ಸೆಂ.ಮೀ. ದೂರದಲ್ಲಿ 1.6 ಮೈಕ್ರೊಟೆಸ್ಲಾ ಹುಟ್ಟುತ್ತದೆ. 40ರ ಮುಂದೆ ಅದು 2 ಡಿಗ್ರಿಗೂ ಮಿಕ್ಕಿದ ತಪ್ಪು, ಮೋಟರ್ ಓಡಿದಾಗ ಮಾತ್ರ ಬರುವ ತಪ್ಪು. ಹೋಗುವ ತಂತಿ, ಬರುವ ತಂತಿ ಎರಡನ್ನೂ ಹೆಣೆದರೆ ಒಂದರದನ್ನು ಇನ್ನೊಂದು ಅಳಿಸುತ್ತದೆ. ಗೈರೊ ಇಲ್ಲದ ಸೆನ್ಸರ್ ಆದರೆ ಮೋಟರನ್ನು 120 ಮಿಲಿಸೆಕೆಂಡ್ ಓಡಿಸಿ, 130 ನಿಲ್ಲಿಸಿ, ನಿಂತ ಹೊತ್ತಿನ ಕೊನೆಯಲ್ಲಿ ಓದಿ. 100ಕ್ಕಿಂತ ಚಿಕ್ಕ ಮಿಡಿತ ಕೊಡಬೇಡಿ, ಮೋಟರ್ ಪೂರ್ತಿ ವೇಗಕ್ಕೆ ಬರುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ.

ಎರಡನೆಯದು ಕೋನಗಳ ಲೆಕ್ಕದ ತೊಂದರೆ. ಬೋರ್ಡ್ ನೆಟ್ಟಗೆ ನಿಂತಾಗ ಬಿಎನ್‌ಒ055 ಕೊಡುವ ಮೂರು ಕೋನಗಳಲ್ಲಿ ಎರಡು ಒಂದರೊಳಗೊಂದು ಬೆರೆತುಹೋಗುತ್ತವೆ. ಬೋರ್ಡನ್ನು ನೆಲಕ್ಕೆ ಸಮತಲವಾಗಿ ಮಲಗಿಸುವ ಸಣ್ಣ ಮೂಲೆಪಟ್ಟಿ ಮಾಡಿ. ಆಗದಿದ್ದರೆ ಅಕ್ಷ ಬದಲಿಸುವ ರಿಜಿಸ್ಟರ್‌ನಲ್ಲಿ ಯಾವುದು ಮೇಲ್ಮುಖ ಅಂತ ತಿಳಿಸಿ, ಅಥವಾ ಕ್ವಾಟರ್ನಿಯನ್ (ತಿರುವನ್ನು ನಾಲ್ಕು ಸಂಖ್ಯೆಗಳಲ್ಲಿ ಹೇಳುವ ರೂಪ) ಓದಿ ದಿಕ್ಕನ್ನು ನೀವೇ ತೆಗೆಯಿರಿ. ಕ್ಯಾಲಿಬ್ರೇಷನ್ ಅನ್ನು ಪಟ್ಟಿ ಮೈಮೇಲಿದ್ದಾಗ, ಬಯಲಿನಲ್ಲಿ ಮಾಡಿ; ಚಿಪ್ ಕೊಡುವ ಮ್ಯಾಗ್ನೆಟ್ ಅಂಕ ಗರಿಷ್ಠ 3 ಬರುವವರೆಗೆ ಎಲ್ಲ ಕಡೆ ತಿರುಗಿ, ಬಾಗಿ. ಕರೆಂಟ್ ತೆಗೆದರೆ ಈ ಚಿಪ್ ಎಲ್ಲ ಮರೆಯುತ್ತದೆ, ಕ್ಯಾಲಿಬ್ರೇಷನ್ನಿನ 22 ಬೈಟ್‌ಗಳನ್ನು ಬೋರ್ಡಿನ ಈಪ್ರಾಮ್‌ಗೆ (ಕರೆಂಟ್ ಹೋದರೂ ಅಳಿಯದ ನೆನಪಿಗೆ) ಉಳಿಸಿ, ಶುರುವಾದಾಗ ವಾಪಸ್ ಬರೆಯಿರಿ.

ಮೂರನೆಯದಕ್ಕೆ ಚರ್ಮದ ಬೆಲ್ಟೇ ಕಾರಣ. ಬಿಗಿಯಾದ ವಸ್ತು ಕಂಪನವನ್ನು ಉದ್ದಕ್ಕೂ ಸಾಗಿಸುತ್ತದೆ. ಎಲಾಸ್ಟಿಕ್ ತೊಗೊಳ್ಳಿ, ಪ್ರತಿ ಮೋಟರ್‌ಗೂ ತೆಳು ಹತ್ತಿಬಟ್ಟೆಯ ಪುಟ್ಟ ಜೇಬು ಹೊಲಿಯಿರಿ. ಹಿಂಬದಿಯ ಅಂಟು ಬೆವರಿಗೆ ಬಿಡುತ್ತದೆ. ತಂತಿಯನ್ನು ಅಂಕುಡೊಂಕಾಗಿ ಹಾಯಿಸಿ, ಅರ್ಧದಷ್ಟು ಹೆಚ್ಚಿಗೆ ಉದ್ದ ಬಿಡಿ, ಇಲ್ಲವಾದರೆ ಎಲಾಸ್ಟಿಕ್ ಎಳೆದ ಮೊದಲ ಸಲವೇ ಕಿತ್ತುಬರುತ್ತದೆ. ಮೋಟರಿನಿಂದ ಹೊರಡುವ ಕೂದಲು ತಂತಿ ಮುರಿಯುವುದು ಸೋಲ್ಡರ್ ಮುಗಿಯುವ ಗೆರೆಯಲ್ಲೇ. ಅಲ್ಲಿ ಹೀಟ್‌ಶ್ರಿಂಕ್ ಹಾಕಿ, ಬಿಸಿ ಅಂಟಿನಿಂದ ಅದನ್ನು ಮೋಟರ್ ಕವಚಕ್ಕೇ ಸೇರಿಸಿ. ಒಂದು ಸಲಕ್ಕೆ ಒಂದೇ ಮೋಟರ್ ಓಡುವುದರಿಂದ 1000 ಎಂಎಎಚ್ ಪ್ರದರ್ಶನದ ಒಂದು ಇಡೀ ದಿನಕ್ಕೆ ಧಾರಾಳ ಸಾಕು.

ಅಳತೆಗೋಲು ಉತ್ತರ:

ಇದು ನಿಜವಾಗಿ ಕೆಲಸ ಮಾಡುತ್ತದೆ ಅಂತ ನೋಡುಗರಿಗೆ ತೋರಿಸುವ ಬಗೆ ಮೊದಲೇ ಯೋಚಿಸಿ. "ಹೇಗನಿಸಿತು?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ.

ತಿರುಗುವ ಕುರ್ಚಿಯಲ್ಲಿ ಕಣ್ಣುಕಟ್ಟಿ ಕೂರಿಸಿ. ನಿಧಾನವಾಗಿ ಎರಡು-ಮೂರು ಸುತ್ತು ತಿರುಗಿಸಿ ಯಾವುದೋ ಕೋನದಲ್ಲಿ ನಿಲ್ಲಿಸಿ, ಉತ್ತರ ಎಲ್ಲಿದೆ ಅಂತ ಕೈ ಚಾಚಿ ತೋರಿಸಲು ಹೇಳಿ. ನೆಲದ ಮೇಲೆ 15 ಡಿಗ್ರಿಗೊಂದರಂತೆ ಸೀಮೆಸುಣ್ಣದ ಗೆರೆ ಎಳೆದಿದ್ದರೆ ತಪ್ಪು ಎಷ್ಟು ಡಿಗ್ರಿ ಅಂತ ಓದಬಹುದು. ಪಟ್ಟಿ ಇಲ್ಲದೆ ಇದು ಬಹಳ ಕಷ್ಟ: ಒಳಕಿವಿಯ ಅರ್ಧವೃತ್ತ ನಾಳಗಳಲ್ಲಿನ ದ್ರವ ಕುರ್ಚಿ ನಿಂತ ಮೇಲೂ ಸ್ವಲ್ಪ ಹೊತ್ತು ಹರಿಯುತ್ತಿರುತ್ತದೆ, ಇನ್ನೂ ತಿರುಗುತ್ತಿದ್ದೇನೆ ಅಂತಲೇ ಅನಿಸುತ್ತದೆ. ಹುಟ್ಟಿನ ಅಂಗ ಮೋಸಹೋಗುವ ಜಾಗದಲ್ಲಿ ಕಟ್ಟಿಕೊಂಡ ಅಂಗ ಸರಿ ಹೇಳುತ್ತದೆ ಅನ್ನುವುದೇ ನಿಮ್ಮ ಪ್ರದರ್ಶನದ ತಿರುಳಾಗಬಹುದು.

ಮೂರು ಸ್ಥಿತಿ ಇಟ್ಟುಕೊಳ್ಳಿ: ಪಟ್ಟಿ ಬಂದ್, ಪಟ್ಟಿ ಸರಿ, ಪಟ್ಟಿ ಕಂಪಿಸುತ್ತದೆ ಆದರೆ ದಿಕ್ಕು ಮನಬಂದಂತೆ. ಮೂರನೆಯದು ಇಲ್ಲದಿದ್ದರೆ ಬರೀ ಕಂಪನದಿಂದ ಎಚ್ಚರ ಹೆಚ್ಚಿತೋ, ಮಾಹಿತಿಯಿಂದಲೇ ಲಾಭವಾಯಿತೋ ಹೇಳಲಾಗುವುದಿಲ್ಲ. ಯಾವ ಸ್ಥಿತಿ ಅಂತ ಕೂತವರಿಗೂ ಗೊತ್ತಿರಬಾರದು, ಡಿಗ್ರಿ ಓದುವವರಿಗೂ ಗೊತ್ತಿರಬಾರದು; ಇನ್ನೊಬ್ಬರು ಫೋನಿನಿಂದ ಬದಲಿಸಲಿ, ಅದಕ್ಕೆ ಬ್ಲೂಟೂತ್ ಮಾಡ್ಯೂಲ್ ಒಂದು ಸೇರಿಸಬೇಕಾಗುತ್ತದೆ. ಒಬ್ಬೊಬ್ಬರಿಗೆ ಪ್ರತಿ ಸ್ಥಿತಿಯಲ್ಲೂ 10 ಸಲ, ಕ್ರಮ ಕಲಸಿ. 8 ಮೋಟರಿನ ಪಟ್ಟಿ ಸರಿಯಿದ್ದರೆ ಯಂತ್ರದ ಕಡೆಯಿಂದ ಬರುವ ತಪ್ಪು ಗರಿಷ್ಠ 22.5 ಡಿಗ್ರಿ, ಗಡಿಯ 6 ಸೇರಿದರೆ 28.5. ಕಣ್ಣು ಮುಚ್ಚಿ ಸುಮ್ಮನೆ ಊಹಿಸಿದರೆ ಸರಾಸರಿ ತಪ್ಪು 90ರ ಹತ್ತಿರ ಬರಬೇಕು.

ಕುರ್ಚಿಯ ನಡುಕಂಬ ಉಕ್ಕಿನದು. ಸೆನ್ಸರ್ ಬೆನ್ನಿನ ಮೇಲ್ಭಾಗಕ್ಕೆ ಹೋದ ಮೇಲೆ ಅದು ಅಷ್ಟು ಕಾಡುವುದಿಲ್ಲ, ಆದರೆ ಬೆನ್ನೊರಗುವ ಭಾಗದಲ್ಲಿ ಕಬ್ಬಿಣದ ಪಟ್ಟಿ ಇರುವ ಕುರ್ಚಿ ಬೇಡ. ಪ್ರದರ್ಶನದ ಹಾಲ್‌ನಲ್ಲಿ ಜಾಗ ಆರಿಸುವ ಮೊದಲು ಸೆನ್ಸರ್ ಹಿಡಿದು ಓಡಾಡಿ, ಕ್ಷೇತ್ರದ ಪ್ರಮಾಣ 40ರ ಸುತ್ತ ಏರುಪೇರಿಲ್ಲದೆ ನಿಲ್ಲುವ ಎರಡು ಮೀಟರ್ ಚೌಕ ಹುಡುಕಿ. ಕಂಬದ ಪಕ್ಕ, ಸ್ಪೀಕರ್ ಪಕ್ಕ, ವಿದ್ಯುತ್ ಪ್ಯಾನೆಲ್ ಇರುವ ಗೋಡೆ, ಇವು ಬೇಡ. ಕೂತವರ ಜೇಬಿನ ಫೋನ್, ಬೀಗದ ಕೈ, ಆಯಸ್ಕಾಂತದ ಗುಂಡಿ ಇರುವ ಪರ್ಸ್ ಎಲ್ಲ ಹೊರಗಿಡಿಸಿ. ಸೀಲಿಂಗ್ ಫ್ಯಾನನ್ನೂ ನಿಲ್ಲಿಸಿ. ಕಣ್ಣು ಕಟ್ಟಿದರೂ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅನ್ನುವುದರಿಂದಲೇ ಜನ ದಿಕ್ಕು ಹಿಡಿಯುತ್ತಾರೆ. ಹೊರಗಿನ ಮಾತು-ಸದ್ದಿನಿಂದಲೂ ಹಾಗೇ, ಹಾಗಾಗಿ ಕಿವಿಗೆ ಹತ್ತಿ ಅಥವಾ ಫೋಮ್ ಬಿರಡೆ ಕೊಡಿ. ಸೆನ್ಸರಿನಿಂದ ದೂರವಾದರೂ ಆಯಸ್ಕಾಂತ ಇರುವ ಹೆಡ್‌ಫೋನ್ ಬೇಡ.